ವಿಮಾನಕ್ಕೆ ಮೆತ್ತಿದ ಬೆಲ್ಲ

ಬಸಮ್ಮಾ, ನಿಮ್ಮಪ್ಪ ಶರಣಪ್ಪ ಕಳ್ಳನಲ್ಲ. ವಿಮಾನದ ಮದ್ದು ಕದ್ದವಳು ನಾನು. ಇಷ್ಟು ಮೊದಲು ಓದಿಕೋ. ಉಳಿದದ್ದು ಓದದಿದ್ದರೂ ನಡೆಯುತ್ತದೆ.

ದೊಡ್ಡ ಯುದ್ಧದ ಕಾಲ. ನಾನು ಕಲ್ಯಾಣದಿಂದ ಹುಮನಾಬಾದಿಗೆ ಸೊಸೆಯಾಗಿ ಬಂದು ಮೂರು ವರ್ಷವಾಗಿತ್ತು. ಬೇಸಿಗೆಯಲ್ಲಿ ಒಂದು ವಿಮಾನ ನಮ್ಮ ಮನೆಯ ಹಿಂದಿನ ಬಯಲಿಗೆ ಇಳಿದು ಕೂತಿತು — ಪೆಟ್ರೋಲಿನ ಟಾಕಿ ಸೋರುತ್ತಿತ್ತಂತೆ. ರಿಪೇರಿಗೆ ಒಬ್ಬ ಮಿಸ್ತ್ರಿ, ಇಬ್ಬರು ಸಿಪಾಯಿಗಳು ಬಂದರು. ಕಾವಲಿಗೆ ನಿಮ್ಮಪ್ಪನನ್ನು ಇಟ್ಟುಕೊಂಡರು. ಟಾಕಿಯ ಸಂದಿಗೆ ಮೆತ್ತುವ ಮದ್ದು ಒಂದು ಡಬ್ಬಿಯಲ್ಲಿತ್ತು. ಬಿಸಿಲಿಗೆ ಕೆಡುತ್ತದೆಂದು ನಮ್ಮ ಕಲ್ಲಿನ ಮನೆಯಲ್ಲಿಡಲು ಅವನೇ ತಂದ. ನನ್ನನ್ನು ಅತ್ತಿಗೆಯೆಂದೇ ಕರೆಯುತ್ತಿದ್ದ.

"ವೈನೀ, ನೀರಿನ ಗಡಿಗಿ ಬಾಜೂಕ ಇಡ್ರಿ. ಮುಚ್ಚಳ ಮಾತ್ರ ತಗೀಬ್ಯಾಡ್ರಿ, ಮಿಸ್ತ್ರಿ ಭಾಳ ಕಡಕ್ ಅದಾನ."

"ತಗದ್ರ ಏನ್ ಹಾರಿ ಹೋಗ್ತದ?" ಅಂದೆ. ನಕ್ಕ.

ತೆಗೆದೆ.

ನನ್ನ ತವರಿನ ತಾಮ್ರದ ಕೊಡ ಸೋರುತ್ತಿತ್ತು. ಎಲ್ಲರಂತೆ ಸುಣ್ಣ ಬೆಲ್ಲ ಕುಟ್ಟಿ ಮೆತ್ತಿದರೆ ನಾಲ್ಕು ದಿನ ಹಿಡಿಯುತ್ತಿತ್ತು, ಮತ್ತೆ ಸೋರುತ್ತಿತ್ತು. ಅತ್ತೆ ಓಣಿಗೆಲ್ಲ ಕೇಳುವಂತೆ ಅನ್ನುತ್ತಿದ್ದಳು: "ಕಲ್ಯಾಣದವರ ಕೊಡದಾಗ ನೀರು ನಿಲ್ಲಂಗಿಲ್ಲ, ಅವರ ಮಗಳ ಹೊಟ್ಟ್ಯಾಗ ಕೂಸು ನಿಲ್ಲಂಗಿಲ್ಲ." ಎರಡು ಹೋಗಿದ್ದವು ನನಗೆ — ಅದಿರಲಿ. ಕನಿಕರ ಕೇಳುತ್ತಿಲ್ಲ.

ಡಬ್ಬಿಯಿಂದ ಒಂದು ಹಿಡಿ ತೆಗೆದು ಕೊಡದ ಬುಡಕ್ಕೆ ಮೆತ್ತಿದೆ. ಮದ್ದು ತಗ್ಗಿದ್ದು ಕಂಡೀತೆಂದು ಅಷ್ಟೇ ಸುಣ್ಣ ಬೆಲ್ಲ ಕಲಸಿ ತುಂಬಿದೆ. ಬಣ್ಣ ಹೆಚ್ಚುಕಡಿಮೆ ಅದೇ. ಕೊಡಕ್ಕೆ ನಾಲ್ಕು ದಿನ ಹಿಡಿಯುವುದು ಟಾಕಿಗೂ ಹಿಡಿದೀತು, ಅಷ್ಟರಲ್ಲಿ ವಿಮಾನ ಹೋಗಿರುತ್ತದೆ ಅಂದುಕೊಂಡೆ. ಅದರೊಳಗೆ ಕೂತು ಹಾರುವವರ ನೆನಪು — ಬರಲಿಲ್ಲ. ಸುಳ್ಳು. ಬಂತು. ಆದರೂ ಕಲಸಿದೆ.

ಟಾಕಿಯನ್ನು ಬಿಚ್ಚಿ ನೆಲದ ಮೇಲಿಟ್ಟಿದ್ದರು. ಮಿಸ್ತ್ರಿ ಮದ್ದು ಮೆತ್ತಿ ಒಣಗಲು ಬಿಟ್ಟ. ಮರುದಿನ ಬೆಳಿಗ್ಗೆ ಸಂದಿಯುದ್ದಕ್ಕೂ ಇರುವೆ ಸಾಲು. ಉಗುರಿನಿಂದ ಕೆರೆದು ಮೂಸಿದ. ನಿಮ್ಮಪ್ಪನ ಬುತ್ತಿ ಬಿಚ್ಚಿಸಿದರು. ರೊಟ್ಟಿಯ ಜೊತೆ ಒಂದು ಬೆಲ್ಲದ ಹೆಂಟೆ. ಅಷ್ಟೇ ಸಾಕ್ಷಿ. ಅದನ್ನು ಕೊಟ್ಟವಳೂ ನಾನೇ.

ಸಿಪಾಯಿ ಬೆತ್ತ ಎತ್ತಿದಾಗ ಅವನು ನನ್ನ ಕಡೆ ತಿರುಗಿದ. "ವೈನೀ, ಬೆಲ್ಲ ನೀವೇ ಕೊಟ್ಟೀರಿ. ಮದ್ದಿಗಿ ನಾ ಕೈ ಹಚ್ಚೀನೇನು? ನೀವರೆ ಹೇಳ್ರಿ!"

ಅತ್ತೆ ಪಕ್ಕದಲ್ಲೇ ನಿಂತಿದ್ದಳು. ನಾನಂದೆ: "ನನಗೇನ್ ಗೊತ್ತೋ ಯಪ್ಪಾ. ಡಬ್ಬಿ ತರೋನೂ ನೀನ, ಒಯ್ಯೋನೂ ನೀನ."

ಇಷ್ಟೇ ಮಾತು. ಬೆತ್ತ ಎಷ್ಟು ಸಲ ಬಿತ್ತೋ — ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಬೇರೆ ಡಬ್ಬಿ ತರಿಸಿದರು, ವಿಮಾನ ಹಾರಿಹೋಯಿತು. ಕಳ್ಳನೆಂಬ ಹೆಸರು ನಿಮ್ಮಪ್ಪನ ಮೇಲೆ ಉಳಿಯಿತು. ಊರಿನಲ್ಲಿ ಕೆಲಸ ಕೊಡುವವರಿಲ್ಲದೆ ಆ ವರ್ಷವೇ ಚಿಟಗುಪ್ಪಕ್ಕೆ ಹೋದ.

ಹೋದ ತಿಂಗಳು ಮದುವೆಗೆ ಕರೆಯಲು ಬಂದಾಗ, ನಾನು ಬಡಿಸಿದ ಹೋಳಿಗೆ ತಿನ್ನುತ್ತ ನೀನಂದೆ: "ನಮ್ಮಪ್ಪ ಸಾಯೋತನಕ ಬೆಲ್ಲ ಬಾಯಾಗ ಹಾಕ್ಲಿಲ್ರಿ ಆಯಿ. ಯಾಕಂತ ಯಾರಿಗೂ ಹೇಳ್ಲಿಲ್ಲ."

ಅಂದಿನಿಂದ ಕೂತಲ್ಲಿ ಕೂಡಲಾಗುತ್ತಿಲ್ಲ. ಅಡಿಗೆಮನೆ, ಅಂಗಳ, ಮತ್ತೆ ಅಡಿಗೆಮನೆ. ಮೂರನೇ ಇಯತ್ತೆಯ ಅಕ್ಷರದಲ್ಲಿ ಇದನ್ನು ನಾಲ್ಕು ಸಲ ಬರೆದು ಹರಿದೆ. ಅವನಿಗೆ ಗೊತ್ತಿತ್ತು, ಬಸಮ್ಮಾ. ಗೊತ್ತಿದ್ದೂ ಮನೆಯವರ ಮುಂದೆ ಸಹ ನನ್ನ ಹೆಸರು ಎತ್ತಲಿಲ್ಲ. ನಾನು ಮಾತ್ರ —

ಸೋಮವಾರದ ಬಸ್ಸಿಗೆ ಚಿಟಗುಪ್ಪಕ್ಕೆ ಬರುತ್ತೇನೆ. ಅವನನ್ನು ಕಳ್ಳ ಅಂದವರು ಹುಮನಾಬಾದಿನಲ್ಲಿ ಎಷ್ಟು ಮಂದಿ ಉಳಿದಿದ್ದಾರೋ, ಅದಕ್ಕೂ ಮೊದಲು ಅವರ ಬಾಗಿಲಿಗೆ ಹೋಗಿ ಹೇಳುತ್ತೇನೆ. ಆಮೇಲೆ ನಿಮ್ಮ ಮನೆ. ನಿನ್ನ ಅಣ್ಣತಮ್ಮಂದಿರನ್ನೂ ಕೂಡಿಸಿಡು. ಒಳಗೆ ಕರೆಯಬೇಡ, ಕಟ್ಟೆಯ ಮೇಲೆ ನಿಂತೇ ಹೇಳುತ್ತೇನೆ.

ಕೊಡವನ್ನೂ ತರುತ್ತೇನೆ. ಅದು ಇವತ್ತಿನವರೆಗೂ ಒಂದು ಹನಿ ಸೋರಿಲ್ಲ.