ಮೊದಲು ಕೂಗಿ ಹೇಳುವುದು

ನಮ್ಮ ಅಡಿಕೆ ಸೊಸೈಟಿಯಲ್ಲಿ ದಿನಾ ನಿಗದಿಯಾಗುವ ಟೆಂಡರ್ ದರವನ್ನು ಸದಸ್ಯರ ಮೊಬೈಲಿಗೆ ಕಳಿಸುವ ಪ್ರೋಗ್ರಾಮ್ ಬರೆದವಳು ಯಲ್ಲಾಪುರದ ಶಬಾನಾ. ಒಂದು ದಿನ ಯಾರಿಗೂ ಮೆಸೇಜು ಹೋಗಲಿಲ್ಲ. ಮೆಸೇಜು ಸಾಗಿಸುವ ಬೆಂಗಳೂರಿನ ಕಂಪನಿ ತನ್ನ ವ್ಯವಸ್ಥೆಯನ್ನು ಹೇಳದೆ ಬದಲಿಸಿತ್ತು. ಬೈಗುಳ ತಿಂದವಳು ಶಬಾನಾ.

"ಹೆಗಡೇರೆ, ಇವರನ್ನು ನಂಬಿ ಇನ್ನೊಂದು ಸಾಲೂ ಬರೆಯೂದಿಲ್ಲ" ಎಂದು ನನಗೆ ಹೇಳಿದಳು.

ಕಾರ್ಯದರ್ಶಿಯಾದ ನಾನೇ ಕಂಪನಿಗೆ ಫೋನು ಮಾಡಿದೆ.

"ಬದಲಾವಣೆ ವಿಷಯ ವೆಬ್‌ಸೈಟಲ್ಲಿ ಹಾಕಿದ್ವಿ ಸರ್" ಎಂದ ಅಲ್ಲಿನ ಇಂಜಿನಿಯರ್.

"ತಮಾ, ಗದ್ದೆಗೆ ನೀರು ತಿರುಗಿಸುವವ ನಮ್ಮಲ್ಲಿ ಕೆಳಗಿನ ಗದ್ದೆಯವನಿಗೆ ಮೊದಲು ಕೂಗಿ ಹೇಳ್ತಾನೆ. ಮರಕ್ಕೆ ಚೀಟಿ ಅಂಟಿಸಿ ಹೋಗೂದಿಲ್ಲ" ಎಂದೆ.

ಆತ ಶಬಾನಾಳಿಗೇ ಫೋನು ಮಾಡಿ ತಪ್ಪಾಯಿತೆಂದ, ಹಳೆಯ ವ್ಯವಸ್ಥೆಯನ್ನು ಮತ್ತೆ ತೆರೆದ. ಸಂಜೆಯೊಳಗೆ ದರ ಎಲ್ಲರಿಗೂ ಮುಟ್ಟಿತು. ಗುರುಗಳ ಕೃಪೆ, ನಾವು ಗೆದ್ದೆವು!

ಈಗ ಸಣ್ಣ ಬದಲಾವಣೆಗೂ ನಮ್ಮಿಬ್ಬರಿಗೆ ಮೊದಲೇ ಫೋನು ಬರುತ್ತದೆ, ಅದೂ ನನ್ನ ಪೂಜೆಯ ಹೊತ್ತಿಗೇ. ಎಡಗೈಯಲ್ಲಿ ಗಂಟೆ ಬಾರಿಸುತ್ತಲೇ ಎತ್ತುತ್ತೇನೆ. ಶಬಾನಾ ಮತ್ತೆ ಪ್ರೋಗ್ರಾಮ್ ಬರೆಯುತ್ತಿದ್ದಾಳಲ್ಲ, ದೇವರು ಕೋಪಿಸಿಕೊಳ್ಳಲಾರ.