ನಾಲ್ಕು ತಂಡಗಳಿಗೆ ನಾನು ಕೊಟ್ಟ ಗ್ರೇಡು

ಇಪ್ಪತ್ತೆರಡು ವರ್ಷದ ಒಬ್ಬ ಹುಡುಗನ ಹೆಸರಿನ ಎದುರು ಹಸಿರು ಶಾಯಿಯಲ್ಲಿ ‘ಸಿ ಪ್ಲಸ್’ ಎಂದು ಬರೆದು, ಅರ್ಧ ಗಂಟೆ ಯೋಚಿಸಿ, ಪ್ಲಸ್ಸಿನ ಮೇಲೆ ಗೀಟೆಳೆದಿದ್ದೇನೆ. ಹುಡುಗನ ತೂಕ ನೂರ ನಲವತ್ತು ಕಿಲೋ. ಅವನನ್ನು ನಾನು ನೋಡಿಲ್ಲ. ಅವನು ಆಡುವ ಆಟವನ್ನು ನೋಡಿದ್ದೂ ಒಂದೇ ಸಲ. ಅದರಲ್ಲೂ ನಡುವೆ ಬೇಳೆ ಬೆಂದಿತೇ ಎಂದು ನೋಡಲು ಎದ್ದು ಹೋಗಿದ್ದೆ.

ಆಟ ಅಮೆರಿಕನ್ ಫುಟ್‌ಬಾಲು. ನಾನಿರುವ ಶೆಫೀಲ್ಡಿನಲ್ಲಿ ಫುಟ್‌ಬಾಲ್ ಎಂದರೆ ಕಾಲಿನಿಂದ ಒದೆಯುವುದು. ಚೆಂಡನ್ನು ಬಗಲಲ್ಲಿಟ್ಟುಕೊಂಡು ಓಡುವವರ ಆಟದಲ್ಲಿ ನನಗೆ ಆಸಕ್ತಿ ಎಂದು ಆಫೀಸಿನಲ್ಲಿ ಹೇಳುವ ಧೈರ್ಯ ನನಗಿಲ್ಲ. ಪ್ರತಿ ಏಪ್ರಿಲ್‌ನಲ್ಲಿ ಅಮೆರಿಕದ ವೃತ್ತಿಪರ ತಂಡಗಳು ಕಾಲೇಜು ಹುಡುಗರನ್ನು ಸರದಿಯಂತೆ ಆರಿಸಿಕೊಳ್ಳುತ್ತವೆ. ಅದಕ್ಕೆ ಡ್ರಾಫ್ಟ್ ಎನ್ನುತ್ತಾರೆ. ಹಿಂದಿನ ವರ್ಷ ಎಲ್ಲರಿಗಿಂತ ಹೆಚ್ಚು ಸೋತವರಿಗೆ ಮೊದಲ ಸರದಿ. ಇಷ್ಟು ದಯೆಯುಳ್ಳ ನಿಯಮವನ್ನು ನಾನು ಬೇರೆಲ್ಲೂ ಕಂಡಿಲ್ಲ. ಆದರೆ ದಯೆ ಅಲ್ಲಿಗೇ ಮುಗಿಯಿತು. ಮರುದಿನವೇ ಬಲ್ಲವರೆಲ್ಲ ತಂಡಗಳ ಆಯ್ಕೆಗೆ ಗ್ರೇಡು ಕೊಡುತ್ತಾರೆ. ಹುಡುಗರು ಇನ್ನೂ ಹೊಸ ಜೆರ್ಸಿಯನ್ನೂ ತೊಟ್ಟಿರುವುದಿಲ್ಲ.

ನಾನು ಆಸ್ಪತ್ರೆಯೊಂದರಲ್ಲಿ ಸಂಖ್ಯಾಶಾಸ್ತ್ರದ ಕೆಲಸದವಳು. ಹನ್ನೆರಡು ರೋಗಿಗಳನ್ನು ನೋಡಿ ಔಷಧಿಯ ಬಗ್ಗೆ ತೀರ್ಪು ಹೇಳಹೊರಟ ಡಾಕ್ಟರನ್ನು ಮೆಲ್ಲಗೆ ತಡೆಯುವುದಕ್ಕೇ ನನಗೆ ಸಂಬಳ. ಅಂಥವಳು ರಜೆಯಲ್ಲಿ ಒಬ್ಬನನ್ನೂ ನೋಡದೆ ಗ್ರೇಡು ಹಂಚುತ್ತೇನೆ. ಇದು ಬಹುಶಃ ರಕ್ತದಲ್ಲೇ ಬಂದದ್ದು. ಹೈಸ್ಕೂಲು ಟೀಚರಾಗಿದ್ದ ಅಮ್ಮ ಮೌಲ್ಯಮಾಪನಕ್ಕೆ ಹೋದರೆ ಪ್ರಬಂಧಕ್ಕೆ ಹತ್ತಕ್ಕೆ ಏಳರ ಮೇಲೆ ಕೊಟ್ಟವರಲ್ಲ. ನಾನೂ ಇದುವರೆಗೆ ಯಾರಿಗೂ ಎ ಕೊಟ್ಟಿಲ್ಲ.

ಈ ಹುಚ್ಚು ಹಿಡಿಸಿದವರು ಲೆಸ್ಟರ್‌ನ ಪ್ರಭಾಕರಣ್ಣ. ನನ್ನ ಅಣ್ಣನ ಸಹಪಾಠಿ, ಎಂಜಿನಿಯರು, ಹಿಂದೆ ಎರಡು ವರ್ಷ ಷಿಕಾಗೋದಲ್ಲಿದ್ದವರು. ಎಲ್ಲ ತಂಡಗಳನ್ನು ನೋಡಲು ಪುರುಸೊತ್ತಿಲ್ಲವೆಂದು ನಾವು ಒಂದೇ ಡಿವಿಷನ್ನಿನ ನಾಲ್ಕು ತಂಡಗಳನ್ನು ಇಟ್ಟುಕೊಂಡಿದ್ದೆವು. ಡ್ರಾಫ್ಟ್ ಮುಗಿದ ನಂತರದ ಶುಕ್ರವಾರ ಇಬ್ಬರೂ ಗ್ರೇಡನ್ನು ಈಮೇಲ್ ಮಾಡಬೇಕು. ಶನಿವಾರ ಮೂರಕ್ಕೆ ಫೋನು. “ಏನಮ್ಮಾ, ನಿನ್ನ ಕೈಲಿ ಯಾರೂ ಉದ್ಧಾರ ಆಗಲ್ವಾ?” ಎಂದು ಅವರು ಶುರು ಮಾಡಿದರೆ, ಆ ಜಗಳ ಮುಂದಿನ ಜನವರಿಯವರೆಗೆ ಪ್ರತಿ ಶನಿವಾರ ನಡೆಯುತ್ತಿತ್ತು. ಊಟ ಆಯಿತೇ, ಮದುವೆ ಯಾವಾಗ ಎಂದು ಕೇಳದ ಫೋನು ನನಗೆ ಅದೊಂದೇ. ಎಷ್ಟೋ ಸಲ ‘ಹಲೋ’ ಎನ್ನುವಾಗ ಗಂಟಲು ಕಟ್ಟಿರುತ್ತಿತ್ತು. ಶುಕ್ರವಾರ ಸಂಜೆಯಿಂದ ಮಾತಾಡಿಯೇ ಇಲ್ಲವೆಂದು ಆಗ ಹೊಳೆಯುತ್ತಿತ್ತು.

ಈ ವರ್ಷ ಶುಕ್ರವಾರ ಅವರ ಈಮೇಲ್ ಬರಲಿಲ್ಲ. ಶನಿವಾರ ನಾನೇ ಫೋನ್ ಮಾಡಿದೆ.

“ಅಯ್ಯೋ, ಈ ಸಲ ನೋಡಕ್ಕೇ ಆಗ್ಲಿಲ್ಲ ಕಣಮ್ಮ. ಮಗೂಗೆ ಮೂರು ತಿಂಗಳು, ನನಗೆ ಇವತ್ತು ಯಾವ ವಾರ ಅಂತಾನೂ ಗೊತ್ತಿಲ್ಲ. ಇನ್ನು ಈ ಗ್ರೇಡು ಗೀಡು ಎಲ್ಲ ಸಾಕು ಅನ್ಸತ್ತೆ.” ನಾನು ಹಸಿರು ಪೆನ್ನಿಗೆ ಮುಚ್ಚಳ ಹಾಕುವಷ್ಟರಲ್ಲಿ ಅವರೇ ಮುಂದುವರಿಸಿದರು. “ನಾಳೆ ಟಿವಿಡೇಲ್ ದೇವಸ್ಥಾನಕ್ಕೆ ಮಗೂನ ಕರ್ಕೊಂಡು ಹೋಗ್ತಿದೀವಿ. ನೀನೂ ಬಾ.”

“ನಾಳೆ ರೋಟಾ ಇದೆ ಅಣ್ಣ,” ಎಂದೆ.

ಆಸ್ಪತ್ರೆಯ ಡ್ಯೂಟಿ ಪಾಳಿಗೆ ಇಲ್ಲಿ ರೋಟಾ ಎನ್ನುತ್ತಾರೆ. ಇಲ್ಲಿನ ಕನ್ನಡ ಡಾಕ್ಟರುಗಳಲ್ಲಿ ರೋಟಾ ಎಂದರೆ ಮುಗಿಯಿತು, ಯಾರೂ ಮರುಮಾತಾಡುವುದಿಲ್ಲ. ಮೂರು ವರ್ಷದಿಂದ ಎಲ್ಲ ಆಮಂತ್ರಣಗಳಿಗೂ ನಾನು ಆ ನೆಪವನ್ನು ಅವರಿಂದ ಎರವಲು ಪಡೆದು ಬಳಸುತ್ತಿದ್ದೆ. ಆಸ್ಪತ್ರೆ ಎಂದೊಡನೆ ಜನ ನನ್ನನ್ನೂ ಡಾಕ್ಟರೆಂದೇ ತಿಳಿಯುತ್ತಿದ್ದರು. ಆದರೆ ಪ್ರಭಾಕರಣ್ಣ ದಂಪತಿಗೆ ನನ್ನ ಕೆಲಸ ಗೊತ್ತು ಎಂಬುದನ್ನೇ ಮರೆತಿದ್ದೆ.

ಆ ಕಡೆ ಅವರ ಹೆಂಡತಿ ವಿಜಯಕ್ಕ ಫೋನು ಕಿತ್ತುಕೊಂಡರು. “ಸ್ಟ್ಯಾಟಿಸ್ಟಿಕ್ಸ್‌ನೋರಿಗೆ ಎಂಥ ರೋಟಾನೇ? ಭಾನುವಾರ ಯಾವ ನಂಬರಿಗೆ ಜ್ವರ ಬಂದಿದೆ?” ನಗುತ್ತಲೇ ಕೇಳಿದರು, ಆಮೇಲೆ ನಗು ನಿಂತಿತು. “ಬರಲ್ಲ ಅಂದ್ರೆ ಬರಲ್ಲ ಅನ್ನು. ನಮ್ಮ ಹತ್ರ ಯಾಕೆ ಸುಳ್ಳು?” ಮಗು ಅತ್ತಿತು. ಫೋನು ಇಟ್ಟರು.

ಟಿವಿಡೇಲ್‌ಗೆ ಈ ದೇಶಕ್ಕೆ ಬಂದ ಹೊಸದರಲ್ಲಿ ಒಮ್ಮೆ ಹೋಗಿದ್ದೆ. ಪ್ರಸಾದದ ಸಾಲಿನಲ್ಲಿ ಮೂವರು ಹೆಂಗಸರು ಒಬ್ಬರಾದ ಮೇಲೊಬ್ಬರು, ಯಾವ ಊರು, ಯಾರ ಮಗಳು, ಒಬ್ಬಳೇ ಇದ್ದೀಯಾ ಎಂದು ಕೇಳಿದರು. ಪುಳಿಯೋಗರೆಗೆ ಬಿ, ಜನಕ್ಕೆ ಡಿ ಎಂದು ಮನಸ್ಸಿನಲ್ಲೇ ಬರೆದುಕೊಂಡು ಬಂದವಳು ಮತ್ತೆ ಹೋಗಲಿಲ್ಲ. ಒಂದು ಭೇಟಿ, ಮೂವರು ಜನ. ಆಸ್ಪತ್ರೆಯ ಮೀಟಿಂಗಿನಲ್ಲಿ ಯಾರಾದರೂ ಇಂಥ ವರದಿ ತಂದಿದ್ದರೆ ಮೊದಲ ಪುಟದಲ್ಲೇ ತಿರುಗಿಸಿ ಕಳಿಸುತ್ತಿದ್ದೆ. ಆ ಮೂವರು ನಿಜವಾಗಿ ನನ್ನನ್ನು ಮಾತಿಗೆ ಕರೆದಿದ್ದರು ಅಷ್ಟೆ. ಅಲ್ಲಿಂದಾಚೆ ಹಾಗೆ ಕರೆದವರು ಕಡಿಮೆ. ಮುಂದಿನ ಶನಿವಾರ ಮೂರು ಗಂಟೆಗೆ ಏನು ಮಾಡುವುದೆಂದು ಯೋಚಿಸಿದೆ. ಎದ್ದು ರೈಲಿನ ವೇಳಾಪಟ್ಟಿ ತೆಗೆದೆ.

ಮರುದಿನ ಬೆಳಿಗ್ಗೆ ಒಂಬತ್ತರ ರೈಲು ಹತ್ತಿ ಬರ್ಮಿಂಗ್‌ಹ್ಯಾಮಿನಲ್ಲಿ ಇಳಿದೆ. ಅಲ್ಲಿಂದ ಟಿವಿಡೇಲಿಗೆ ಹೋಗುವ ಬಸ್ಸಿನ ನಂಬರು, ನಿಲ್ದಾಣ, ಹೊರಡುವ ವೇಳೆ ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಂಡಿದ್ದೆ. ಆದರೂ ಪ್ಲಾಟ್‌ಫಾರ್ಮಿನಲ್ಲೇ ನಿಂತು ವಿಜಯಕ್ಕನಿಗೆ ಫೋನ್ ಮಾಡಿ, ಟಿವಿಡೇಲ್‌ಗೆ ಇಲ್ಲಿಂದ ಹೇಗೆ ಬರಬೇಕು ಎಂದು ಕೇಳಿದೆ.