ನೀರಿನ ಗ್ರೂಪಿಗೆ ಹೋದ ಪಾಠ

ಆ ಬೆಳಿಗ್ಗೆಯೂ ಎದ್ದವಳೇ ಹಿತ್ತಲ ಬಾಗಿಲು ತೆರೆದೆ. ಶಹಾಪುರದ ನಮ್ಮ ಓಣಿಗೆ ನಸುಕಿನ ಗಾಳಿ ಗದ್ದೆಗಳ ಕಡೆಯಿಂದ ಬರುತ್ತದೆ. ಕೆನಾಲಿಗೆ ನೀರು ಬಿಟ್ಟ ದಿನಗಳಲ್ಲಿ ಅದಕ್ಕೆ ಹಸಿ ಕೆಸರಿನ ವಾಸನೆ ಇರುತ್ತದೆ. ಅಂಗಳಕ್ಕೆ ನೀರು ಚಿಮುಕಿಸಿ, ಎಳೆದಷ್ಟು ರಂಗೋಲಿ ಎಳೆದು, ಹಾಲು ಒಲೆಯ ಮೇಲಿಟ್ಟು ಜೋಳದ ಹಿಟ್ಟಿಗೆ ಬಿಸಿನೀರು ಹಾಕಿದೆ. ಮೊದಲ ರೊಟ್ಟಿ ಹಂಚಿನ ಮೇಲೆ ಉಬ್ಬುತ್ತಿದ್ದಾಗ ಕಿಟಕಿಯ ಕಟ್ಟೆಯ ಮೇಲಿದ್ದ ಫೋನು ಗುರ್ ಎಂದಿತು. ಹಿಟ್ಟಿನ ಕೈಯ ಕಿರುಬೆರಳಿನಿಂದಲೇ ಒತ್ತಿದೆ. ಕೆನಾಲಿನ ಗೇಟು ನೋಡಿಕೊಳ್ಳುವವನ ದನಿ: “ಇವತ್ತ ಮಧ್ಯಾಹ್ನದ ಮ್ಯಾಲ ಕೆಳಗಿನ ತೂಬಿಗೆ ನೀರು ಬಿಡ್ತೀವ್ರಿ. ಎಲ್ಲಾರೂ ತಯಾರಿರ್ರಿ.”

ನನ್ನ ಗಂಡ ಕಚೇರಿಯಲ್ಲಿ ಗುಮಾಸ್ತರು. ಊರಾಚೆ ಕಾಲುವೆಯ ಕೊನೆಯಲ್ಲಿ ನಮ್ಮದೊಂದು ತುಂಡು ಗದ್ದೆ ಇದೆ. ಅವರದು ಗುಂಡಿ ಒತ್ತುವ ಹಳೆಯ ಫೋನು, ಬದಲಾಯಿಸಲು ಒಪ್ಪುವುದಿಲ್ಲ. ಹೀಗಾಗಿ ಕಾಲುವೆಯ ನೀರು ಹಂಚಿಕೊಳ್ಳುವ ರೈತರ ಗ್ರೂಪಿನಲ್ಲಿ ನಮ್ಮ ಮನೆಯ ಪರವಾಗಿ ಇದ್ದವಳು ನಾನು. ಅಲ್ಲಿ ಯಾರೂ ಬರೆಯುವುದಿಲ್ಲ, ಓದು ಬಾರದವರೇ ಹೆಚ್ಚು. ಎಲ್ಲವೂ ದನಿಯಲ್ಲೇ. ಆ ಗ್ರೂಪಿಗೆ ಒಂದು ದನಿ ಬಿತ್ತೆಂದರೆ ಚಹಾದಂಗಡಿಯಾಗಲಿ, ಗುಡಿಯ ಕಟ್ಟೆಯಾಗಲಿ, ಗದ್ದೆಯ ಬದುವಾಗಲಿ, ಇದ್ದಲ್ಲಿಯೇ ಪೂರ್ತಿ ಸದ್ದು ಏರಿಸಿ ಕೇಳುತ್ತಾರೆ. ಕೇಳದಿದ್ದರೆ ಪಾಳಿ ತಪ್ಪುತ್ತದೆ, ನೀರು ಪಕ್ಕದವನ ಗದ್ದೆಗೆ ಹೋಗುತ್ತದೆ.

ಗಂಡನಿಗೆ ನೀರಿನ ಸುದ್ದಿ ಹೇಳಿ, ರೊಟ್ಟಿ ಕಟ್ಟಿಕೊಟ್ಟು ಕಳಿಸಿದ ಮೇಲೆ ನನ್ನ ಇನ್ನೊಂದು ಕೆಲಸಕ್ಕೆ ಕೂತೆ.

ಪಕ್ಕದ ಮನೆಯ ಸೊಸೆಗೆ ನಾನು ಇಂಗ್ಲಿಷ್ ಉಚ್ಚಾರ ಹೇಳಿಕೊಡುತ್ತಿದ್ದೆ. ಬಳಿಚಕ್ರದ ಕಡೆಯ ಹುಡುಗಿ, ಬಿ.ಎಡ್. ಮುಗಿಸಿ ಮದುವೆಯಾಗಿ ಬಂದವಳು. ಗಂಡ ಕಡೇಚೂರಿನ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸಕ್ಕಿದ್ದು ವಾರಕ್ಕೊಮ್ಮೆ ಬರುತ್ತಿದ್ದ. ಯಾದಗಿರಿಯ ಇಂಗ್ಲಿಷ್ ಮೀಡಿಯಂ ಶಾಲೆಯೊಂದು ಅವಳನ್ನು ಮರುದಿನ ಬೆಳಿಗ್ಗೆ ಕರೆದಿತ್ತು. ಮಕ್ಕಳ ಮುಂದೆ ನಿಂತು ಒಂದು ಪಾಠ ಮಾಡಿ ತೋರಿಸಬೇಕು. ಮದುವೆಗೆ ಮುಂಚೆ ಸುರಪುರದಲ್ಲಿ ಒಮ್ಮೆ ಹೀಗೆಯೇ ನಿಂತಿದ್ದಳಂತೆ. ‘ಇಸ್ಕೂಲ್’, ‘ಇಸ್ಟೂಡೆಂಟ್’ ಎಂದಾಗ ಹಿಂದಿನ ಬೆಂಚಿನಿಂದ ನಗೆ ಶುರುವಾಗಿ ಮುಂದಿನ ಬೆಂಚಿಗೆ ಬಂತಂತೆ. ಆ ನಗೆ ಇನ್ನೂ ಅವಳ ಕಿವಿಯಲ್ಲಿತ್ತು.

ಅವಳ ಮಾವನದು ಬೇರೆಯೇ ನಿಲುವು. ಅವರ ಗದ್ದೆಯೂ ಅದೇ ಕಾಲುವೆಗೆ, ನಮ್ಮ ಬದುವಿಗೆ ಬದು ಹೊಂದಿ. ನೀರಿನ ಗ್ರೂಪಿನಲ್ಲಿ ಅವರೂ ಇದ್ದರು. “ನಮ್ಮ ಮನಿ ಹೆಣ್ಮಕ್ಳು ಮಂದಿ ಸಾಲ್ಯಾಗ ಚಾಕರಿ ಮಾಡೂದು ಬ್ಯಾಡ” ಎಂದು ಕಟ್ಟೆಯ ಮೇಲೆ ಕೂತು ಒಮ್ಮೆ ಹೇಳಿದ್ದರು. ಎರಡನೆಯ ಸಲ ಹೇಳಿಸಿಕೊಳ್ಳುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಅದಕ್ಕೇ ಅವಳು ಹೆಪ್ಪಿಗೆ ಮೊಸರು ಕೇಳುವ ನೆಪದಲ್ಲಿ ಸಣ್ಣ ಬಟ್ಟಲಿನಂಥ ವಾಟಗ ಹಿಡಿದು ನಮ್ಮ ಅಡುಗೆಮನೆಗೆ ಬರುತ್ತಿದ್ದಳು. ಒಂದು ಇಯರ್‌ಫೋನನ್ನು ಇಬ್ಬರೂ ಒಂದೊಂದು ಕಿವಿಗೆ ಹಾಕಿಕೊಂಡು, ಆನ್‌ಲೈನ್ ವಿಡಿಯೋದಲ್ಲಿ ಯಾವುದೋ ದೇಶದ ಹೆಂಗಸು ತುಟಿ ಮುಂದೆ ಮಾಡಿ, ನಾಲಿಗೆ ತೋರಿಸಿ ಶಬ್ದ ಮಾಡುವುದನ್ನು ನೋಡುತ್ತಿದ್ದೆವು. ವೇಗ ಅರ್ಧಕ್ಕಿಳಿಸಿದರೆ ಆಕೆ ನಿದ್ದೆಗಣ್ಣಿನಲ್ಲಿ ಮಾತಾಡಿದಂತೆ ಕೇಳುತ್ತಿತ್ತು. “ಈಕಿಗಿ ಯಾರಾರ ಚಾ ಕೊಡ್ರಿ ಅಕ್ಕಾರ” ಎಂದು ಹುಡುಗಿ ನಗುತ್ತಿದ್ದಳು. ಆಮೇಲೆ ತೊಳೆದ ಸ್ಟೀಲ್ ತಾಟನ್ನು ಎದುರಿಗೆ ನಿಲ್ಲಿಸಿ ತನ್ನ ಬಾಯಿಯನ್ನು ತಾನೇ ನೋಡಿಕೊಳ್ಳುತ್ತ ಅಭ್ಯಾಸ ಮಾಡುತ್ತಿದ್ದಳು. ನಾನು ಓದಿದ ಕಲಬುರಗಿಯ ಕಾನ್ವೆಂಟಿನಲ್ಲಿ ಸಿಸ್ಟರು ನಮ್ಮ ತುಟಿಯ ಮುಂದೆ ಕಾಗದದ ಚೂರು ಹಿಡಿದು, ಅದು ಅಲುಗಾಡುವವರೆಗೆ ‘ಪ’ ಅನ್ನಿಸುತ್ತಿದ್ದರು. ನಾನೂ ಹಾಗೆಯೇ ಹಿಡಿಯುತ್ತಿದ್ದೆ. ‘ಝೂ’ ಎಂಬ ಶಬ್ದದ ಮೊದಲಕ್ಷರ ಅವಳಿಗೆ ಹತ್ತದಿದ್ದಾಗ, “ಎದುರು ಮನಿ ಸಾಹೇಬರು ಉರ್ದುದಾಗ ಜರಾ ಅಂತಾರಲ್ಲ, ಹಂಗ ಅನ್ನು” ಎಂದೆ. ಒಂದೇ ಸಲಕ್ಕೆ ಬಂತು.

ಆ ಬೆಳಿಗ್ಗೆ ಅವಳಿಗಾಗಿ ನನ್ನ ಬಾಯಿಯದಷ್ಟೇ ಒಂದು ವಿಡಿಯೋ ಮಾಡಿದೆ, ಮೂಗಿನ ಕೆಳಗಿನಿಂದ ಗದ್ದದವರೆಗೆ, ಮುಖ ಕಾಣದ ಹಾಗೆ. ಅದು ಅವಳಿಗೆ ಸರಿಯಾಗಿಯೇ ಹೋಯಿತು. ಅಷ್ಟರಲ್ಲಿ ನೀರಿನ ಗ್ರೂಪಿನಲ್ಲಿ ಯಾರದೋ ದನಿ ಬಂತು, ತೆರೆದು ಕೇಳಿದೆ. ಒಲೆಯ ಮೇಲೆ ಬೇಳೆ ಉಕ್ಕುತ್ತಿತ್ತು. ಸೌಟು ಒಂದು ಕೈಯಲ್ಲಿ, ಫೋನು ಇನ್ನೊಂದು ಕೈಯಲ್ಲಿ. ಹಾಗೆಯೇ ಮೈಕು ಒತ್ತಿ ಹಿಡಿದು ಹೇಳಿದೆ:

“ಇಸ್ಕೂಲ್ ಅನ್ನಬ್ಯಾಡವಾ. ಮೊದಲ ಹಾವಿನಂಗ ಸ್ಸ್ಸ್ ಅನ್ನು, ಅದಕ್ಕ ಕೂಲ್ ಜೋಡಿಸು. ನಾಳಿ ಯಾದಗಿರಿ ಬಸ್ಸಿನ್ಯಾಗ ಇದನ್ನ ಕಿವಿಗೆ ಹಚ್ಕೊಂಡು ಹೋಗು. ಮಾವನೋರಿಗೆ ಮಾತ್ರ ಡಾಕ್ಟರ ಕಡಿ ಹೊಂಟೀನಿ ಅನ್ನು, ಸಾಲಿ ಸುದ್ದಿ ತಗೀಬ್ಯಾಡ.”

ಸ್ವಲ್ಪ ಹೊತ್ತಿನ ಮೇಲೆ ಅವಳಿಂದ ಬರಹ ಬಂತು: ‘ಅಕ್ಕಾರ, ವಿಡಿಯೋ ಬಂತು. ವಾಯ್ಸ್ ಬರಲಿಲ್ಲ.’

ನೋಡಿದೆ. ನನ್ನ ದನಿ ನೀರಿನ ಗ್ರೂಪಿನಲ್ಲಿ, ಆಗಷ್ಟೇ ಕೇಳಿದ ದನಿಯ ಕೆಳಗೆ ಕೂತಿತ್ತು.

ಅಳಿಸಬೇಕೆಂದು ಬೆರಳಿಟ್ಟೆ. ಬೆರಳಿಗೆ ಬೇಳೆಯ ಜಿಡ್ಡಿತ್ತು. ಎಲ್ಲರಿಗೂ ಅಳಿಸುವುದನ್ನು ಬಿಟ್ಟು ‘ಡಿಲೀಟ್ ಫಾರ್ ಮೀ’ ಒತ್ತಿಬಿಟ್ಟೆ. ಒಂದು ಕ್ಷಣದಲ್ಲಿ ಅದು ನನ್ನ ಕಣ್ಣೆದುರಿನಿಂದ ಹೋಯಿತು, ಉಳಿದವರೆಲ್ಲರ ಫೋನಿನಲ್ಲಿ ಉಳಿಯಿತು. ಇನ್ನು ನಾನು ಅದನ್ನು ಮುಟ್ಟುವಂತಿರಲಿಲ್ಲ. ಯಾರು ಕೇಳಿದರು, ಯಾರು ಇಲ್ಲ ಎಂದು ನೋಡುವಂತೆಯೂ ಇರಲಿಲ್ಲ. ಅದು ಅಲ್ಲಿದೆ ಎನ್ನುವುದೊಂದೇ ಗೊತ್ತು. ಆಗಲೇ ಗ್ರೂಪಿನಲ್ಲಿ ಒಬ್ಬ ರೈತನ ದನಿ ಬಂತು: “ಅಕ್ಕಾರ, ಅದೆಲ್ಲ ಇರ್ಲಿ ಬಿಡ್ರಿ. ನೀರು ಎಷ್ಟೊತ್ತಿಗೆ ಬರ್ತದ ಅದನ್ನ ಹೇಳ್ರಿ.”

ಅಂದರೆ ಒಬ್ಬನಾದರೂ ಕೇಳಿದ್ದ.

ಹುಡುಗಿ ವಾಟಗ ಹಿಡಿದು ಹಿತ್ತಲಿನಿಂದ ಬಂದಳು. ಹೇಳದೆ ಮುಚ್ಚಿಡಲು ಆಗಲಿಲ್ಲ. ಕೇಳುತ್ತ ಕೇಳುತ್ತ ಅವಳು ಹೊಸ್ತಿಲ ಮೇಲೆ ಕೂತಳು. ಖಾಲಿ ವಾಟಗವನ್ನು ಸೆರಗಿನಿಂದ ಒರೆಸತೊಡಗಿದಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು.

“ಮಾವನೋರು ಕೇಳ್ಯಾರೇನು?” ಎಂದೆ.

“ಅವರು ಫೋನ್ ಗದ್ದಿಗೆ ಒಯ್ಯಂಗಿಲ್ರಿ, ನೀರಾಗ ಬೀಳ್ತದಂತ. ಅತ್ತಿ ಕೈಯಾಗ ಕೊಟ್ಟು ಹೋಗ್ತಾರ. ದನಿ ಬಂದದ್ದೆಲ್ಲ ಅತ್ತಿ ಕೇಳ್ತಾರ. ನೀರಿನ ಸುದ್ದಿ ಇದ್ರ ಹೊಲಕ್ಕ ಹೇಳಿ ಕಳಸ್ತಾರ.”

“ಎಲ್ಲಾ ಕೇಳ್ತಾರಾ?”

“ಒಂದೂ ಬಿಡಂಗಿಲ್ರಿ.”

ಅವಳ ಅತ್ತೆಯ ಬಗ್ಗೆ ನನಗೆ ಮಾವನಿಗಿಂತ ಹೆಚ್ಚು ಹೆದರಿಕೆ. ಮಾವ ಕೂಗಾಡುತ್ತಾರೆ, ಏನು ಮನಸ್ಸಿನಲ್ಲಿದೆ ಎಂದು ಓಣಿಗೆಲ್ಲ ತಿಳಿಯುತ್ತದೆ. ಆ ಹೆಂಗಸು ಮಾತೇ ಆಡುವುದಿಲ್ಲ. ಅಮಾವಾಸ್ಯೆಗೆ ತಿಂಥಣಿಯ ಗುಡಿಗೆ ಹೋಗಿ ಬಂದರೆ ಪ್ರಸಾದವನ್ನು ನಮ್ಮ ಕಟ್ಟೆಯ ಮೇಲಿಟ್ಟು, “ತಗೋರಿ” ಎಂದಷ್ಟೇ ಹೇಳಿ ತಿರುಗುವಾಕೆ.

“ಅತ್ತಿಯೋರು ಏನರ ಅಂದ್ರಾ?”

“ಏನೂ ಅನ್ನಲಿಲ್ರಿ. ಕಾಳು ಆರಿಸಾಕತ್ತಾರ.” ಹುಡುಗಿ ಎದ್ದಳು. “ನಾಳಿ ಹೋಗೂದು ಬ್ಯಾಡ ಬಿಡ್ರಿ ಅಕ್ಕಾರ. ಹೋದ್ರೂ ಬಾಯಿ ಏಳಂಗಿಲ್ಲ.”

“ಸಂಜಿತನ ತಡಿ” ಎಂದೆ. ಯಾವ ಧೈರ್ಯದ ಮೇಲೆ ಅಂದೆನೋ ನನಗೇ ತಿಳಿಯದು. ವಾಟಗಕ್ಕೆ ಮೊಸರು ಹಾಕಿಕೊಟ್ಟೆ. ಬರಿಗೈಯಲ್ಲಿ ಹೋದರೆ ಅನುಮಾನ ಬರುತ್ತದಲ್ಲ.

ಮಧ್ಯಾಹ್ನ ಗಂಡ ಊಟಕ್ಕೆ ಬಂದರು. ಅವರ ಮುಖ ನೋಡಿದೆ, ಪೇಟೆಯಲ್ಲಿ ಏನಾದರೂ ಕೇಳಿದ್ದಾರೋ ಎಂದು. ಪಲ್ಯ ಬಡಿಸುವುದನ್ನು ಮರೆತು ನಿಂತೆ.

“ಏನ, ಮಾರಿ ಯಾಕ ಹಂಗ ಮಾಡ್ಕೊಂಡಿ?”

ಹೇಳಿದೆ. ತುತ್ತು ಕೈಯಲ್ಲೇ ಉಳಿಯಿತು.

“ನೀರಿನ ಗ್ರೂಪಿನ್ಯಾಗ?”

“ಹೂಂರಿ.”

“ಹಾವಿನಂಗ ಸ್ಸ್ ಅಂದಿಯೇನು?”

“ಅಂದೀನ್ರಿ.”

“ಹಂಗಾರ ಇಷ್ಟೊತ್ತಿಗೆ ಮಂದಿ ಬಡಿಗಿ ತಗೊಂಡು ಕೆನಾಲ್ ಮ್ಯಾಲ ಹುಡುಕಾಕತ್ತಿರಬೇಕು.”

ನನಗೆ ನಗು ಬರಲಿಲ್ಲ. ಅವರೂ ಬಹಳ ಹೊತ್ತು ನಗಲಿಲ್ಲ. ಕೈ ತೊಳೆಯುತ್ತ, “ಆ ಹಿರ್ಯಾಗ ಗೊತ್ತಾದ್ರ ಹುಡುಗಿ ನಾಳಿ ಹೊಸ್ತಿಲ ದಾಟಂಗಿಲ್ಲ. ನಮ್ಮ ಮನಿಗೂ ಬರಂಗಿಲ್ಲ” ಎಂದರು. ನನಗೆ ಗೊತ್ತಿದ್ದದ್ದೇ. ಆದರೂ ಅವರ ಬಾಯಿಂದ ಕೇಳಿದಾಗ ಅದು ಆಗಿಯೇ ಹೋದಂತೆ ಅನ್ನಿಸಿತು.

ಆ ಮಧ್ಯಾಹ್ನ ಓಣಿಯ ಪ್ರತಿ ಸದ್ದಿಗೂ ನಾನು ಬೆಚ್ಚಿದೆ. ಸೈಕಲ್ ನಿಂತರೆ, ಬಾಗಿಲು ಕಿರ್ ಎಂದರೆ, ಯಾರಾದರೂ ಕೆಮ್ಮಿದರೆ. ಬೀದಿಯಲ್ಲಿ ಹೋಗುವವರ ಫೋನಿನಿಂದ ಹೆಂಗಸಿನ ದನಿ ಕೇಳಿದರೆ ಸಾಕು, ಅದು ನನ್ನದೇ ಎಂದು ಕಿಟಕಿಗೆ ಓಡುತ್ತಿದ್ದೆ. ಅವರು ದಾಟಿ ಹೋದ ಮೇಲೆ ಅದು ಯಾವುದೋ ಹಾಡೆಂದು ತಿಳಿಯುತ್ತಿತ್ತು. ಒಣಗಿದ ಬಟ್ಟೆಗಳನ್ನು ತೆಗೆದು ಮಡಿಸಿದೆ. ಮಡಿಸಿದ್ದನ್ನು ಬಿಚ್ಚಿ ಇನ್ನೊಮ್ಮೆ ಮಡಿಸಿದೆ. ಪಕ್ಕದ ಅಂಗಳದಿಂದ ಮೊರದಲ್ಲಿ ಕಾಳು ಸುರಿಯುವ ಸದ್ದು ಒಂದೇ ಸಮನೆ ಬರುತ್ತಿತ್ತು. ಅದು ನಿಂತಾಗಲೆಲ್ಲ ನಾನೂ ಕೈ ನಿಲ್ಲಿಸುತ್ತಿದ್ದೆ.

ಬಿಸಿಲು ಇಳಿಯುವ ಹೊತ್ತಿಗೆ ಮಾವ ಗದ್ದೆಯಿಂದ ಬಂದರು. ಮೊಣಕಾಲಿನವರೆಗೆ ಕೆಸರು. ನಾನು ಗೋಡೆಯ ಈಚೆ ತುಳಸಿಯ ಹತ್ತಿರ ತಂಬಿಗೆ ಹಿಡಿದು ನಿಂತಿದ್ದೆ. ಕೆನಾಲ್ ಬಂದ ಮೇಲೆ ಕಟ್ಟಿದ ಮನೆಗಳು ಇವು, ನಡುವಿನ ಗೋಡೆ ಎದೆಮಟ್ಟ.

“ಫೋನ್ ಕೊಡು, ಏನೇನ್ ಬಂದಾವ ನೋಡೂನು” ಎಂದರು ಹೆಂಡತಿಗೆ.

ಆಕೆ ಕೊಟ್ಟರು. ಅವರು ಕಟ್ಟೆಯ ಮೇಲೆ ಕೂತು, ಸದ್ದು ಏರಿಸಿ, ಬೆಳಗಿನಿಂದ ಬಂದದ್ದನ್ನೆಲ್ಲ ಒಂದೊಂದಾಗಿ ಒತ್ತತೊಡಗಿದರು. ಮೊದಲು ಗೇಟಿನವನ ದನಿ. ಆಮೇಲೆ ಯಾರೋ ಕೆಮ್ಮಿ, ತಮ್ಮ ಪಾಳಿ ಯಾವಾಗ ಎಂದು ಕೇಳಿದರು. ಅದಾದ ಮೇಲೆ ಬರಬೇಕಾದದ್ದು ನನ್ನದು. ತಂಬಿಗೆಯ ನೀರು ತುಳುಕಿ ಕಾಲಿನ ಮೇಲೆ ಬಿತ್ತು. ಅಡುಗೆಮನೆಯ ಕಿಟಕಿಯಲ್ಲಿ ಹುಡುಗಿಯ ಮುಖ ಕಂಡಿತು, ಸರಳನ್ನು ಹಿಡಿದು ನಿಂತಿದ್ದಳು.

“ಅಕ್ಕಾರ, ಅದೆಲ್ಲ ಇರ್ಲಿ ಬಿಡ್ರಿ. ನೀರು ಎಷ್ಟೊತ್ತಿಗೆ ಬರ್ತದ ಅದನ್ನ ಹೇಳ್ರಿ.”

ನನ್ನ ದನಿ ಬರಲೇ ಇಲ್ಲ. ಅದರ ಮುಂದಿನದು ಬಂದಿತ್ತು.

“ಇವಾ ಯಾವ ಅಕ್ಕಾಗ ಕೇಳಾಕತ್ಯಾನ?” ಎಂದರು ಮಾವ.

“ಯಾರಿಗ್ಗೊತ್ತು. ಕಾಲು ತೊಳ್ಕೋರಿ, ಕೆಸರು ಒಣಗಾಕತ್ತದ” ಎಂದರು ಆಕೆ, ಕಾಳಿನಿಂದ ತಲೆ ಎತ್ತದೆ.

ಅವರು ಎದ್ದು ನೀರಿನ ತೊಟ್ಟಿಯ ಕಡೆ ಹೋದರು. ತಂಬಿಗೆಯಲ್ಲಿ ಉಳಿದ ನೀರನ್ನು ತುಳಸಿಗೆ ಹಾಕಿದೆ. ದನಿ ಎಲ್ಲಿ ಹೋಯಿತು? ನಾನು ಅಳಿಸಿದ್ದು ನನ್ನ ಫೋನಿನಲ್ಲಿ ಮಾತ್ರ. ಇವರು ಕೇಳದಿದ್ದರೂ ನಾಳೆ ಚಹಾದಂಗಡಿಯಲ್ಲಿ ಯಾರಾದರೂ ಕೇಳಿಸಿದರೆ? ಹೆದರಿಕೆ ಹೋಗಲಿಲ್ಲ, ಬೇರೆ ಕಡೆಗೆ ತಿರುಗಿತಷ್ಟೆ.

ದೀಪ ಹಚ್ಚುವ ಹೊತ್ತಿಗೆ ಗೋಡೆಯ ಆಚೆಯಿಂದ “ಯವ್ವಾ” ಎಂದು ಕರೆದರು. ಆ ಅತ್ತೆಯೇ. ಆರಿಸಿದ ಕಡಲೆ ತುಂಬಿದ ಬಟ್ಟಲನ್ನು ಗೋಡೆಯ ಮೇಲಿಟ್ಟರು. ಅದರ ಪಕ್ಕದಲ್ಲಿ ಬೆಳಿಗ್ಗೆ ನಾನು ಮೊಸರು ಹಾಕಿಕೊಟ್ಟ ಅವರದೇ ವಾಟಗ, ತೊಳೆದು ಬೋರಲಿಟ್ಟದ್ದು. ನಾನು ಬಟ್ಟಲನ್ನು ಎರಡೂ ಕೈಯಿಂದ ಹಿಡಿದೆ. ಆಕೆ ತಿರುಗಿದರು. ಎರಡು ಹೆಜ್ಜೆ ಹೋಗಿ, ಏನೋ ನೆನಪಾದವರಂತೆ, ಹಗ್ಗದ ಮೇಲಿನ ಸೀರೆ ಎಳೆದುಕೊಳ್ಳುತ್ತ ಅಂದರು:

“ಆ ಒಂದ್ ದನಿ ನಮ್ಮ ಫೋನಿನ್ಯಾಗಿಂದ ನಾನ ತಗದೀನಿ. ಯಾರರ ಅಂದ್ರ ನಾ ನೋಡ್ಕೋತೀನಿ. ಡಾಕ್ಟರ ಕಡಿ ಹೋಗಾಕಿಗಿ ಕಾಲೇಜಿನ ಕಾಗದ ಮರೀಬ್ಯಾಡ ಅಂತ ಹೇಳ್ರಿ. ನಾ ಅಂದ್ರ ಹೆದರ್ತಾಳ.”